ನಿಮ್ಮ ಭಾಮೈದನ ಕಲಿಕೆಗೆ ನಮ್ಮ ಕಾರು

ಮಾನ್ಯ ಠಾಣಾಧಿಕಾರಿಗಳೇ,

ನೀವು ಹಿಡಿದಿಟ್ಟುಕೊಂಡಿರುವ ನಮ್ಮ ಕಾರನ್ನು ಬಿಡಿಸಿಕೊಳ್ಳಲು ನನಗೂ ನನ್ನ ಅಕ್ಕನಿಗೂ ನಿಮ್ಮ ಠಾಣೆಗೆ ಅಲೆದು ಸಾಕಾಗಿದೆ. ನಿಮ್ಮೆದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ. "ಇವಳೇನು ಮೂಗೀನಾ?" ಎಂದು ಅಕ್ಕನನ್ನು ಕೇಳಿದ್ದಿರಿ. ಅಲ್ಲ ಸ್ವಾಮಿ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಅಕ್ಕ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಾಳೆ. ಅವಳ ಡ್ರೈವಿಂಗ್ ಶಾಲೆಗೆ ಕಟ್ಟಡವಿಲ್ಲ, ಕುರ್ಚಿ ಮೇಜಿಲ್ಲ. ಆ ಕಾರೇ ಶಾಲೆ. ಅದರಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇದೆ, ಅದರ ಮೇಲೆ ಸದಾ ಅಕ್ಕನ ಕಾಲು. ಗಾಡಿ ತೊಳೆಯುವುದು ನನ್ನ ಕೆಲಸ. ನಾವು ಮಾಡಿದ ಅಪರಾಧವಾದರೂ ಏನು? ಕಲಿಯಲು ಬಂದ ನರ್ಸಮ್ಮನ ಕೈಯಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ನಿಮ್ಮ ಜೀಪಿನ ಮುಂದೆ ಗಾಡಿ ಆಫ್ ಆಯಿತು. ಕಲಿಯುವವರ ಕೈಯಲ್ಲಿ ಗಾಡಿ ಆಫ್ ಆಗದೆ ವಿಮಾನವಾಗಿ ಹಾರುತ್ತದೆಯೇ? ತಾವು ಬಹುಶಃ ಹುಟ್ಟುವಾಗಲೇ ಜೀಪು ಓಡಿಸಿಕೊಂಡು ಬಂದವರು. ನೀವು ಹಾರ್ನ್ ಒತ್ತಿದಷ್ಟೂ ನರ್ಸಮ್ಮ ಗಾಡಿಯನ್ನು ಮತ್ತೆ ಮತ್ತೆ ಆಫ್ ಮಾಡಿಕೊಂಡಳು. ಕೊನೆಗೆ ಇಳಿದು ಬಂದು ಕೀಲಿ ಕಿತ್ತುಕೊಂಡಿರಿ. ಕಾಗದಪತ್ರ ಎಲ್ಲ ಸರಿಯಾಗಿದೆ ಎಂದು ಅಕ್ಕ ತೋರಿಸಿದಾಗ, "ಸರಿ ಇದೆಯೋ ಇಲ್ವೋ ನೋಡೋಕೇ ಗಾಡಿ ಇಟ್ಕೊಳ್ತಿರೋದು" ಅಂದಿರಿ. ಇವತ್ತಿಗೂ ನೋಡುತ್ತಲೇ ಇದ್ದೀರಿ. ನಾನು ಓದಿರುವುದು ನಾಲ್ಕನೆಯ ತರಗತಿ. ಆದರೂ ಅಷ್ಟು ಕಾಗದವನ್ನು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸುತ್ತಿದ್ದೆ.

ಕಳೆದ ವಾರ ಮಾರುಕಟ್ಟೆಯ ಏರುರಸ್ತೆಯಲ್ಲಿ ನಾವಿಬ್ಬರೂ ತರಕಾರಿ ಕೊಳ್ಳುತ್ತಿದ್ದಾಗ, ಠಾಣೆಯೊಳಗಿರಬೇಕಾದ ನಮ್ಮ ಕಾರು ಕುಪ್ಪಳಿಸುತ್ತ ಬಂತು. ಓಡಿಸುತ್ತಿದ್ದವನು ಕಪ್ಪು ಕನ್ನಡಕದ ಒಬ್ಬ ಯುವಕ. ಪಕ್ಕದಲ್ಲಿ, ಅಕ್ಕನ ಜಾಗದಲ್ಲಿ, ನಿಮ್ಮ ಕಾನ್‌ಸ್ಟೇಬಲ್. ಅರ್ಧ ಏರಿಗೆ ಗಾಡಿ ನಿಂತು ಹಿಂದಕ್ಕೆ ಜಾರತೊಡಗಿತು. ಕಾನ್‌ಸ್ಟೇಬಲ್ ತನ್ನ ಮುಂದಿನ ಬ್ರೇಕನ್ನು ಬೂಟುಗಾಲಿನಿಂದ ಜಾಡಿಸಿ ಒದ್ದ. ಗಾಡಿ ಗಕ್ಕನೆ ನಿಂತಿತು. "ಕಳ್ಳ, ಕಳ್ಳ" ಎಂದು ಕೂಗಬೇಕಿದ್ದ ಹೊತ್ತು ಅದು. ಅಕ್ಕ ಕೂಗಿದ್ದೇನು ಗೊತ್ತೇ?

"ಹ್ಯಾಂಡ್‌ಬ್ರೇಕ್ ಎಳಿಯಪ್ಪ. ಗಾಬರಿ ಬೇಡ. ಈಗ ಸ್ಟಾರ್ಟ್ ಮಾಡಿ ಕ್ಲಚ್ ಬಿಡು, ಮೆಲ್ಲಗೆ, ಮೆಲ್ಲಗೆ... ಹಾಂ, ಹ್ಯಾಂಡ್‌ಬ್ರೇಕ್ ಇಳಿಸು."

ಅವನು ಹೇಳಿದ ಹಾಗೇ ಮಾಡಿದ. ಗಾಡಿ ನಮ್ಮ ಕಣ್ಣೆದುರೇ ಅಚ್ಚುಕಟ್ಟಾಗಿ ಏರು ಹತ್ತಿ ಹೋಯಿತು. "ಥ್ಯಾಂಕ್ಸ್ ಆಂಟಿ" ಎಂದು ಕೈ ಬೇರೆ ಬೀಸಿದ. ಅಕ್ಕ ಚೀಲವನ್ನು ನೆಲಕ್ಕೆ ಕುಕ್ಕಿ, "ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ" ಎಂದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಮರುದಿನ ಠಾಣೆಯಲ್ಲಿ ಕೇಳಿದರೆ ಅದೇ ಕಾನ್‌ಸ್ಟೇಬಲ್ ಹೇಳಿದ: "ಅವ್ರು ಸಾಹೇಬ್ರ ಭಾಮೈದ ಕಣಮ್ಮ, ಲೈಸೆನ್ಸಿಗೆ ಕಲೀತಿದಾರೆ. ನಿಂತ ಗಾಡಿ ಬ್ಯಾಟರಿ ಸತ್ತೋಗತ್ತೆ. ನಾವು ಓಡಿಸ್ತಿರೋದು ಉಪಕಾರ ಅಂದ್ಕೊ."

ಉಪಕಾರದ ಗುರುತು ನೋಡಿ ಬಂದೆವು. ಅಕ್ಕನ ಬ್ರೇಕಿನ ಪೆಡಲ್ ಸೊಟ್ಟಗಾಗಿದೆ, ಒತ್ತಿದರೆ ಹಿಡಿಯುವುದಿಲ್ಲ. ಅದು ಕೆಲಸ ಮಾಡದಿದ್ದರೆ ಅಕ್ಕ ಯಾರನ್ನೂ ಸ್ಟಿಯರಿಂಗ್ ಮುಂದೆ ಕೂರಿಸಲಾರಳು, ಅಂದರೆ ಶಾಲೆ ಮುಚ್ಚಿದಂತೆಯೇ. ಇಷ್ಟಾದ ಮೇಲೂ, ಗಾಡಿಯನ್ನು ಸುಸ್ಥಿತಿಯಲ್ಲಿ ಪಡೆದೆವೆಂದು ಸಹಿ ಹಾಕಿದರೆ ಮಾತ್ರ ಬಿಡುತ್ತೀರಂತೆ. ಎಷ್ಟು ದೊಡ್ಡ ಮನಸ್ಸು.

ಸಹಿ ಹಾಕುವುದಿಲ್ಲ. ಪೆಡಲ್ ಸರಿ ಮಾಡಿಸಿ, ಗಾಡಿಯನ್ನು ನಮ್ಮ ಮನೆ ಬಾಗಿಲಿಗೆ ತಂದು ನಿಲ್ಲಿಸಿ. ತಾವೇ ಓಡಿಸಿಕೊಂಡು ಬರಬೇಕು, ಹಗಲು ಹೊತ್ತಿನಲ್ಲಿ, ಮಾರುಕಟ್ಟೆಯ ನಡುವಿನಿಂದ, ಕಲಿಯುವವರ ಗಾಡಿಯೆಂದು ಸಾರುವ ಕೆಂಪು 'L' ಫಲಕವನ್ನು ತೆಗೆಯದೆ.

ತರುವವರೆಗೆ ನಾವು ಸುಮ್ಮನೆ ಕೂರುವುದಿಲ್ಲ. ನಿಮ್ಮ ಭಾಮೈದನಿಗೆ ಲೈಸೆನ್ಸ್ ಪರೀಕ್ಷೆ ಹತ್ತಿರ ಬಂತಂತೆ. ಪರೀಕ್ಷೆಯಲ್ಲಿ ಏರು ಹತ್ತಿಸಿ ತೋರಿಸಬೇಕು. ಆ ದಿನ ಪರೀಕ್ಷೆ ನಡೆಯುವ ಮೈದಾನದ ಬೇಲಿಯಾಚೆ ನಾನು, ಅಕ್ಕ, ನರ್ಸಮ್ಮ, ಅಕ್ಕನ ಬಳಿ ಕಲಿತ ಹೆಂಗಸರೆಲ್ಲ ಸಾಲಾಗಿ ನಿಂತಿರುತ್ತೇವೆ. ಗಲಾಟೆ ಮಾಡುವುದಿಲ್ಲ, ಹೆದರಬೇಡಿ. ಗಾಡಿ ಅರ್ಧ ಏರಿಗೆ ನಿಂತು ಹಿಂದಕ್ಕೆ ಜಾರುವಾಗ ಅವನು ಖಂಡಿತ ನಮ್ಮ ಕಡೆ ತಿರುಗಿ ನೋಡುತ್ತಾನೆ. ಆಗ ಬಾಯಿ ಬಿಡುವುದಿಲ್ಲವೆಂದು ಅಕ್ಕನಿಂದ ಆಣೆ ಮಾಡಿಸಿಕೊಂಡಿದ್ದೇನೆ.

ಇಂತಿ,
ಕಾರಿಲ್ಲದ ಡ್ರೈವಿಂಗ್ ಶಾಲೆಯಲ್ಲಿ ಕಾರು ತೊಳೆಯುವವಳು