ಐಶ್ವರ್ಯಾ ಬರೆದ ಹೊಗಳಿಕೆ

೧೪-೧೦-೨೦೦೮, ಮಂಗಳವಾರ, ರೋಣ

ಇವತ್ತೂ ಕೇಳಿದಳು. ಹೆರಿಗೆಗೆಂದು ತವರಿಗೆ ಬಂದಿರುವ ನಾದಿನಿ ಐಶ್ವರ್ಯಾ, ಇಂಟರ್‌ನೆಟ್ಟಿನ ಆರ್ಕುಟ್‌ನಲ್ಲಿ ನನ್ನ ಪುಟಕ್ಕೆಂದು ನನ್ನ ಬಗ್ಗೆ ಬರೆದಿದ್ದಾಳೆ: "ನಮ್ಮ ವೈನಿ ನನಗ ಹಡೆದವ್ವ ಇದ್ದಂಗ." ನಾನು ಒಪ್ಪಿದರಷ್ಟೇ ಅದು ಎಲ್ಲರಿಗೂ ಕಾಣುತ್ತದೆ.

ಹಡೆದವ್ವನಂತೆ! ಹೋದ ತಿಂಗಳು ತನ್ನ ಕುಬಸದಲ್ಲಿ, ಬಸುರಿಗೆ ಆರತಿ ಎತ್ತುವ ಹೊತ್ತಿಗೆ, ಓಣಿಯ ಹೆಂಗಸರೆದುರು, "ಮಕ್ಕಳಿಲ್ಲದಾಕಿ ಆರತಿ ಮಾಡೂದು ಬ್ಯಾಡ" ಎಂದು ನನ್ನ ಕೈಯಿಂದ ತಟ್ಟೆ ಕಸಿದುಕೊಂಡವಳು ಇವಳೇ. ಆಮೇಲೆ ನನ್ನೊಡನೆ ಆಡುವ ಮಾತು ಈ ಒಪ್ಪಿಗೆಯದೊಂದೇ. ನಾನು ಬಡಿದ ರೊಟ್ಟಿ ಮಾತ್ರ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

"ವೈನಿ, ಲಗೂ ಒಪ್ಪಿಕೊಳ್ರಿ. ನನ್ನ ಗೆಳತ್ಯಾರು ನೋಡಬೇಕು."

"ನಾ ಓದಿದ್ರ ಸಾಲೂದಿಲ್ಲೇನ?"

"ನೀವೊಬ್ರು ಓದಿ ಏನ್ ಆಗೂದೈತ್ರಿ?"

ಅದೊಂದು ಮಾತು ಮಾತ್ರ ಖರೇ ಆಡಿದಳು.

ಒಪ್ಪುವುದಿಲ್ಲ. ಅಳಿಸುವುದೂ ಇಲ್ಲ. ಆರತಿಗೆ ಆಗಿಬರದ ಈ ಕೈಯನ್ನೇ ದಿನಾ ಕಾಯುತ್ತ ಕೂಡಲಿ.