ಮಾತು ಎತ್ತಿಕೊಡದ ಸಂಜೆ

ದೊಡ್ಡಮಳೂರು,
೧೮ ಮಾರ್ಚ್ ೨೦೦೭

ಗೆಳೆಯ ವಹಾಬನಿಗೆ,

ಇಗೋ, ದೊಡ್ಡಹನುಮಯ್ಯ ಕೂಗಿ ಹೇಳುವ ನಮಸ್ಕಾರ! ಮಾಗಡಿಯಲ್ಲಿ ನಿನ್ನ ಮಗಳು ಖತೀಜಾಳ ಮನೆಯ ಪಾತ್ರೆಗಳು ಅದುರಿರಬೇಕು. ನಿನ್ನ ಕಾಗದ ಬಂದ ಮೇಲೆ ಸಂಕ್ರಾಂತಿ ಹೋಯಿತು, ಶಿವರಾತ್ರಿಯೂ ಹೋಯಿತು. ಬಯ್ಯಬೇಕು ಅನ್ನಿಸಿದರೆ ಬಯ್ಯಿ. ಆದರೆ ನಾಟಕದಲ್ಲಿ ರಾಜಪಾರ್ಟು ಕಟ್ಟಿ ಗುಡುಗುತ್ತಿದ್ದ ಈ ಗೆಳೆಯ ಈಗ ಬಾಯಿ ಮುಚ್ಚಿ ಕೂರುವ ಪಾರ್ಟು ಕಟ್ಟಿದ್ದಾನೆ, ಅದನ್ನು ಮೊದಲು ಕೇಳು.

ಮಗ ಅಶೋಕ ಬಿಡದಿಯ ಕಾರ್ಖಾನೆಗೆ, ಸೊಸೆ ಭಾನುಪ್ರಿಯ ಗಾರ್ಮೆಂಟ್ಸಿಗೆ. ಇಬ್ಬರನ್ನೂ ಕಂಪನಿ ಬಸ್ಸು ಹೊತ್ತು ಮೂಡುವ ಮುಂಚೆಯೇ ಹೊತ್ತೊಯ್ಯುತ್ತದೆ. ಮನೆಯಲ್ಲಿ ಉಳಿಯುವವರು ನಾನು ಮತ್ತು ಮೊಮ್ಮಗಳು ರಾಧಾಮಣಿ. ಮೂರನೇ ಕ್ಲಾಸು. ಚುರುಕು ಮಾತು, ಅಕ್ಷರ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಇಂಥ ಮಕ್ಕಳಿಗೆಂದೇ ಇರುವ ಟೀಚರು ಮಮತಾ ಮೇಡಂ ಶನಿವಾರ ಮನೆಗೆ ಬಂದು ಹೇಳಿಕೊಡುತ್ತಾರೆ. ಉಳಿದ ದಿನಗಳಿಗೆ ನಾನೇ ಮೇಷ್ಟರು.

ಮೊರದಲ್ಲಿ ರಾಗಿಹಿಟ್ಟು ಹರಡಿ ಬೆರಳಲ್ಲಿ ಬರೆಸಿದೆ. ‘ವ’ಗೆ ಬಾಲ ಇಲ್ಲ, ‘ಮ’ಗೆ ಬಾಲ ಇದೆ ಎಂದು ನಾನೇ ಬಾಲ ಅಲ್ಲಾಡಿಸಿ ಕುಣಿದೆ. ಗೊಂಬೆ ಮಾಡುವವರ ಹತ್ತಿರ ಬಣ್ಣದ ಮರದ ಮಣಿ ತಂದು ಹತ್ತು ಹತ್ತಾಗಿ ಪೋಣಿಸಿದೆ. ಹದಿನಾಲ್ಕರಲ್ಲಿ ಆರು ಕಳೆಯಬೇಕಾದರೆ ಸರ ಬಿಚ್ಚಲೇಬೇಕಲ್ಲ? ಬಿಚ್ಚಿದರೆ ಅಳು! “ತಾತ, ಸರ ಕಿತ್ತೋಯ್ತು!” ಲೆಕ್ಕ ಅಲ್ಲಿಗೇ ನಿಂತಿತು.

ಓದಿಗೆ ಮಾತ್ರ ನಮ್ಮ ನಾಟಕದ ದಾರಿ ಹಿಡಿದೆ. ನೀನು ಪರದೆಯ ಪಕ್ಕ ಪುಸ್ತಕ ಹಿಡಿದು ಮಾತು ಎತ್ತಿಕೊಡುತ್ತಿದ್ದೆಯಲ್ಲ, ಹಾಗೆ. ಒಮ್ಮೆ ನೀನು ಬೀಡಿ ಹಚ್ಚಲು ಹೋದಾಗ ಮಾತು ಮರೆತ ನಾನು ಒಂದೇ ಸಾಲನ್ನು ಮತ್ತೆ ಮತ್ತೆ ಕೂಗಿ, ಜನ ಒನ್ಸ್ ಮೋರ್ ಅಂದಿದ್ದರು! ಆ ಕಥೆ ಕೇಳಿದಾಗಲೆಲ್ಲ ರಾಧಾಮಣಿ ಬಿದ್ದು ಬಿದ್ದು ನಗುತ್ತಾಳೆ. ನಾನು ಎತ್ತಿಕೊಟ್ಟೆ, ಅವಳು ಹಿಡಿದಳು. ಎರಡೇ ವಾರಕ್ಕೆ ಪಾಠ ಗಡಗಡ! ಮಮತಾ ಮೇಡಂ ಸುಮ್ಮನೆ ಪುಸ್ತಕವನ್ನು ತಲೆಕೆಳಗು ಮಾಡಿಟ್ಟರು. ಮಗು ಕೈ ಬೀಸಿಕೊಂಡು ಹಾಗೇ ಓದುತ್ತಾ ಹೋಯಿತು.

“ತಾತಾ, ಇದು ಓದಲ್ಲ, ಬಾಯಿಪಾಠ. ಅವಳು ತಡವರಿಸಿದ ತಕ್ಷಣ ನೀವು ಮಾತು ಎತ್ಕೊಟ್ಟುಬಿಡ್ತೀರಿ. ನಿಲ್ಲಲಿ ಬಿಡಿ. ನಿಂತ ಕಡೆನೇ ಅವಳು ಕಲಿಯೋದು,” ಅಂದರು ಮೇಡಂ.

ಅಂದಿನಿಂದ ಈ ಬಾಯಿಗೆ ಬೀಗ. ನನ್ನ ಪಿಸುಮಾತೇ ಚಾ ಅಂಗಡಿವರೆಗೆ ಕೇಳುತ್ತದೆ, ನಿನಗೆ ಗೊತ್ತಲ್ಲ.

ಆಗ ಅಶೋಕ ಒಂದು ಮಾತಿಟ್ಟ. “ಪರೀಕ್ಸೆ ಮುಂಚೆ ಒಂದ್ ಪುಟ ನನ್ ಮುಂದೆ ಓದ್ಲಿ, ಇಲ್ಲೇ ಇರ್ಲಿ. ಇಲ್ದಿದ್ರೆ ಮೈಸೂರ್ನಾಗೆ ಇಂಥ ಮಕ್ಳ ಹಾಸ್ಟೆಲ್ ಐತೆ, ಸೇರ್ಸ್‌ಬುಡ್ತೀನಿ.” ಎತ್ತಿಕೊಟ್ಟರೆ ಮಗು ಮನೆಯಲ್ಲಿ ಉಳಿಯುತ್ತದೆ, ಓದು ಬರುವುದಿಲ್ಲ. ಸುಮ್ಮನಿದ್ದರೆ ನಿಧಾನಕ್ಕೆ ಓದು ಬಂದೀತು, ಅಷ್ಟರಲ್ಲಿ ಮಗು ಹೋಗುತ್ತದೆ. ಹಿಂದೆ ಪರದೆ, ಮುಂದೆ ಜನ, ನಡುವೆ ನಾನು. ಯಾವ ಕಡೆ ನಿರ್ಗಮಿಸಲಿ ವಹಾಬಾ?

ನಿನ್ನೆ ಸಂಜೆ ಮಮತಾ ಮೇಡಂ ಇದ್ದಾಗಲೇ ಅಶೋಕ ಹೊಸ ಪುಟ ತೆರೆದ. ‘ಮರದ ನೆರಳಲ್ಲಿ ಕುರಿ ಮಲಗಿತ್ತು.’ ಮಗು ಬೆರಳಿಟ್ಟಿತು.

“ವ... ಅಲ್ಲ, ಬಾಲ ಐತೆ. ಮ. ಮ... ರ... ದ. ಮರದ!”

ಮುಂದಿನ ಪದಕ್ಕೆ ನಿಂತಳು. ತಲೆ ಎತ್ತಿ ನನ್ನನ್ನೇ ನೋಡಿದಳು, ನಾನು ನಿನ್ನ ಕಡೆ ನೋಡುತ್ತಿದ್ದ ಹಾಗೆ. ಪದ ನನ್ನ ನಾಲಗೆಯ ಮೇಲೆ ಕೂತಿತ್ತು. ಹಲ್ಲು ಕಚ್ಚಿದೆ. ಗೋಡೆ ನೋಡಿದೆ.

“ಒಂದ್ ಪದ! ವರ್ಸೆಲ್ಲ ಕುಂತಿದ್ದಕ್ಕೆ ಒಂದೇ ಪದ ಏನಪ್ಪಾ?” ಅಂದ ಅಶೋಕ.

“ಆ ಪದ ಅವಳದೇ. ಯಾರೂ ಎತ್ಕೊಟ್ಟಿಲ್ಲ. ಇನ್ನೊಂದು ವರ್ಷ ಬಿಡಿ,” ಅಂದರು ಮೇಡಂ.

“ನಾವಿಬ್ರೂ ದುಡಿಯಕ್ಕೋಯ್ತೀವಿ ಮೇಡಂ. ಅಪ್ಪಂಗೆ ವಯಸ್ಸಾಯ್ತು. ಅಪ್ಪ ಹೋದ್ಮೇಲೆ ಇವಳಿಗೆ ಯಾರ್ ಮಾತ್ ಎತ್ಕೊಡ್ತಾರೆ?” ಹೇಳುತ್ತಾ ಅವನ ದನಿಯೇ ಒಡೆಯಿತು. ಅವನನ್ನು ಬಯ್ಯಲೂ ಆಗಲಿಲ್ಲ ನನಗೆ. ಭಾನುಪ್ರಿಯ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ರಜೆ ಮುಗಿದ ಮೇಲೆ ಮೈಸೂರು ಎಂದು ತೀರ್ಮಾನವಾಯಿತು.

ಇರಲಿ. ನಿನ್ನ ಮಂಡಿನೋವಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು, ಬೀಡಿ ಬಿಡು. ನಮ್ಮ ಅಪ್ರಮೇಯಸ್ವಾಮಿಯೂ ನಿಮ್ಮ ಅಲ್ಲಾನೂ ಸೇರಿ ಖತೀಜಾಳ ಮಕ್ಕಳನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ದನಿ ಕೇಳದೆ ತಬ್ಬಿಬ್ಬಾಗಿರುವ,
ದೊಡ್ಡಹನುಮಯ್ಯ

ಮರೆತಿದ್ದೆ: ಎಲ್ಲರೂ ಎದ್ದು ಹೋದ ಮೇಲೆ ರಾಧಾಮಣಿ ಹತ್ತಿರ ಬಂದು ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದಳು, “ತಾತ, ನಿಂಗೂ ಮಾತು ಮರ್ತೋಗಿತ್ತಾ?” ಹೂಂ ಕಣವ್ವ, ಮರ್ತೋಗಿತ್ತು, ಅಂದೆ.