ಸಮುದ್ರ ಬಿಟ್ಟ ದಿನ

ಮೇ ೧೧, ಭಾನುವಾರ

ಆ ನೋಟ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಇವತ್ತು ಡೈವಿಂಗಿಗೆ ಇಳಿದಾಗ, ನೀರಿನಡಿ ಆಪೋ ದಿಬ್ಬದ ಹವಳದ ಗೋಡೆಯ ಪಕ್ಕ, ಎಂದಿನಂತೆ ಬೆರಳು ಮಡಚಿ 'ಸರಿಯಿದ್ದೀರಾ?' ಎಂದು ಸನ್ನೆ ಮಾಡಿದೆ. ಕ್ರಿಸ್ಪಿನ್ ನನ್ನನ್ನು ಯಾರೋ ಎಂಬಂತೆ ನೋಡಿದರು. ಆಮೇಲೆ ಬೆನ್ನು ತಿರುಗಿಸಿ ಇನ್ನೂ ಆಳಕ್ಕೆ ಇಳಿಯತೊಡಗಿದರು. ತೋಳು ಹಿಡಿದರೆ ಕೊಸರಿಕೊಂಡರು. ಬಿಡದೆ ನಿಧಾನವಾಗಿ ಮೇಲೆ ಕರೆತಂದೆ. ನಮ್ಮ ಕ್ಲಬ್ಬಿನ ಅರ್ಧ ಜನಕ್ಕೆ ಡೈವಿಂಗ್ ಕಲಿಸಿದ ಮನುಷ್ಯ. ನನಗೂ ಅವರೇ ಕಲಿಸಿದ್ದು, ನಮ್ಮ ಮದುವೆಯಾದದ್ದು ಆಮೇಲೆ.

ದೋಣಿ ಹತ್ತಿದ ಮೇಲೆ ಅವರಿಗೆ ಏನೂ ನೆನಪಿರಲಿಲ್ಲ. "ಇವಳು ಹೆದರಿಬಿಟ್ಲು ಕಣ್ರೋ, ಅದಕ್ಕೇ ಬೇಗ ಬಂದ್ವಿ" ಎಂದು ನಕ್ಕರು. ಎಲ್ಲರೂ ನಕ್ಕರು. ತಂಡದ ಮುಖಂಡ ನೆಸ್ಟರ್ ಮಾತ್ರ ನಗಲಿಲ್ಲ, ಅವರದೇ ಶಿಷ್ಯ. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಅಣ್ಣನ್ನ ಇನ್ಮೇಲೆ ಇಳಿಸೋಕಾಗಲ್ಲ. ನಾನ್ ಹೇಳ್ಲಾ?" ಅಂದ. ಬೇಡ, ನಾನೇ ಹೇಳ್ತೀನಿ ಅಂದೆ.

ಊಟಕ್ಕೆ ಕೂತಾಗ ಹೇಳಲು ಹೋದೆ. ಬಾಯಿಗೆ ಬಂದದ್ದೇ ಬೇರೆ. "ನನಗಿನ್ನು ಸಮುದ್ರ ಬೇಡಾರೀ, ಭಯ ಆಗುತ್ತೆ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡು. ನೀನಿಲ್ದೆ ನಾನ್ಯಾಕೆ ಇಳೀಲಿ?" ಅಂದರು.

ನನ್ನನ್ನೇ ಸಮಾಧಾನ ಮಾಡಿದರು. ಈಗ ನೆಮ್ಮದಿಯಾಗಿ ಮಲಗಿದ್ದಾರೆ. ಈ ಸುಳ್ಳು ನಿಲ್ಲಬೇಕಾದರೆ ನಾನು ಇನ್ನೆಂದೂ ಆ ನೀರಿಗೆ ಇಳಿಯುವಂತಿಲ್ಲ.